ಕೊಸರು

ನಮ್ಮಜ್ಜನ ಅಂಗಡಿಯ ತಕ್ಕಡಿ ಸಮವಾಗಿ ನಿಂತದ್ದನ್ನು ನಾನು ನೋಡಿಯೇ ಇಲ್ಲ. ಅಜ್ಜನ ಮೇಲೆ ಅನುಮಾನ ಪಡಬೇಡಿ. ಅದು ವಾಲುತ್ತಿದ್ದುದು ಗಿರಾಕಿಯ ಕಡೆಗೆ. ಕಡೂರಿನ ಹತ್ತಿರದ ನಮ್ಮೂರಿನಲ್ಲಿ ಅಜ್ಜನದು ಬೆಲ್ಲ, ಬೇಳೆ, ಸೀಮೆಎಣ್ಣೆ, ಬೀಡಿ ಎಲ್ಲವೂ ಸಿಗುವ ಸಣ್ಣ ಅಂಗಡಿ. ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಬೆಲ್ಲ ಇಟ್ಟು, ಅದು ನಿಂತಿತು ಎನ್ನುವಾಗ ಇನ್ನೊಂದು ಚೂರನ್ನು ತಟ್ಟೆಗೆ ಎಸೆಯುತ್ತಿದ್ದರು. ತಟ್ಟೆ ಟಕ್ಕನೆ ಕೆಳಗಿಳಿಯುತ್ತಿತ್ತು. ಅದು ಕೊಸರು. ಗಿರಾಕಿ ಬಾಯಿಬಿಟ್ಟು ಕೇಳುವ ಹಾಗಿಲ್ಲ, ಕೊಡದಿದ್ದರೆ ಮುಂದಿನ ವಾರ ಎದುರಿನ ಅಂಗಡಿಗೆ ಹೋಗದೆ ಇರುವವರೂ ಇಲ್ಲ.

"ಯಾಕಜ್ಜ ಜಾಸ್ತಿ ಹಾಕ್ತೀಯ?" ಎಂದು ಒಮ್ಮೆ ಕೇಳಿದ್ದೆ.

"ತಕ್ಕಡಿ ನಂಬೋಕಾಗಲ್ಲ ಕಣೋ. ತಪ್ಪೋದಾದ್ರೆ ಆ ಕಡೆಗೇ ತಪ್ಪಲಿ" ಅಂದಿದ್ದರು.

ಆ ಮಾತು ಅರ್ಥವಾಗಲು ನನಗೆ ಮೂವತ್ತು ವರ್ಷ, ಒಂದು ಎಂಜಿನಿಯರಿಂಗ್ ಪದವಿ ಮತ್ತು ಐವತ್ತು ಗ್ರಾಂ ಜೀರಿಗೆ ಬೇಕಾಯಿತು.

ಬೆಂಗಳೂರಿನಲ್ಲಿ ಆಗ ನಾನು ಕೆಲಸಕ್ಕಿದ್ದುದು ದಿನಸಿ ಸಾಮಾನನ್ನು ಅಂತರ್ಜಾಲದಲ್ಲಿ ಮಾರುವ ಒಂದು ಸಣ್ಣ ಕಂಪನಿಯಲ್ಲಿ. ಅಜ್ಜ ಬಾಯಲ್ಲಿ ಮಾಡುತ್ತಿದ್ದ ಲೆಕ್ಕವನ್ನು ಹನ್ನೊಂದು ಮಂದಿ ಎಂಜಿನಿಯರುಗಳು ಸೇರಿ ಮಾಡುತ್ತಿದ್ದೆವು. ಕೆಲಸವನ್ನು ಪಾಲು ಮಾಡಿಕೊಂಡಿದ್ದೆವು. ಗಿರಾಕಿಯ ಕಣ್ಣಿಗೆ ಕಾಣುವ ಪುಟ, ಅಂದರೆ ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್, ಹುಬ್ಬಳ್ಳಿಯ ಒಬ್ಬ ಹುಡುಗನದು. ಯಾರ ಕಣ್ಣಿಗೂ ಕಾಣದ ಸರ್ವರ್, ಅಲ್ಲಿನ ಪೈಥಾನ್, ನನ್ನದು. ಬ್ರೌಸರ್ ಒಂದು ಮೊತ್ತ ಹಾಕಿ ತೋರಿಸುತ್ತದೆ. ಗಿರಾಕಿ ಒಪ್ಪಿ ಗುಂಡಿ ಒತ್ತಿದರೆ ಆ ಮೊತ್ತ ನನ್ನ ಕಡೆಗೆ ಬರುತ್ತದೆ. ನಾನು ಅದನ್ನು ನಂಬದೆ ಮೊದಲಿಂದ ಲೆಕ್ಕ ಹಾಕುತ್ತೇನೆ. ಎರಡೂ ಒಂದೇ ಆದರೆ ಸರಿ, ಇಲ್ಲದಿದ್ದರೆ 'ಮೊತ್ತ ಹೊಂದುತ್ತಿಲ್ಲ' ಎಂದು ವಾಪಸ್ ಕಳಿಸುತ್ತೇನೆ. ಬ್ರೌಸರ್ ಇರುವುದು ಗಿರಾಕಿಯ ಮನೆಯಲ್ಲಿ, ಅಲ್ಲಿ ಯಾರು ಬೇಕಾದರೂ ಅಂಕಿ ತಿದ್ದಬಹುದು, ಅದನ್ನು ನಂಬಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಆ ಪಾಠದ ಮೇಲೆ ನನಗೆ ವಿಪರೀತ ಶ್ರದ್ಧೆ.

ಒಂದು ಬೆಳಿಗ್ಗೆ ತುಮಕೂರಿನಿಂದ ಫೋನು ಬಂತು. ಗಿರಾಕಿಗಳ ಫೋನು ನನ್ನವರೆಗೆ ಬರುವುದಿಲ್ಲ. ಇದನ್ನು ಮಾತ್ರ ಸಹಾಯವಾಣಿಯ ಹುಡುಗಿ "ಸರ್, ನನ್ ಕೈಲಾಗಲ್ಲ, ನೀವೇ ಮಾತಾಡಿ" ಎಂದು ನನ್ನ ಕೈಗೆ ಕೊಟ್ಟಳು.

"ನೋಡಪ್ಪಾ, ನಾನು ಮೂವತ್ತೆರಡು ವರ್ಷ ಹೈಸ್ಕೂಲಲ್ಲಿ ಗಣಿತ ಹೇಳಿದವಳು" ಎಂದು ಆ ಕಡೆಯಿಂದ ಶುರುವಾಯಿತು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. "ಒಂದು ಪೊಟ್ಟಣ ಜೀರಿಗೆ. 20 ರೂಪಾಯಿ 10 ಪೈಸೆ. ನಿಮ್ಮ ಜಿಎಸ್‌ಟಿ ನೂರಕ್ಕೆ ಐದು. ನಿಮ್ಮ ಪುಟ 21 ರೂಪಾಯಿ 11 ಪೈಸೆ ಅಂತು. ಆಗಲಿ ಅಂತ ಒತ್ತಿದೆ. ಮೊತ್ತ ಹೊಂದುತ್ತಿಲ್ಲ ಅಂತ ಬಂತು. ಲೆಕ್ಕ ಮಾಡಿದ್ದು ನೀವು, ತಪ್ಪು ಅಂದಿದ್ದು ನೀವು. ಮಧ್ಯದಲ್ಲಿ ನನ್ನನ್ನ ಯಾಕೆ ಬೆಂಚಿನ ಮೇಲೆ ನಿಲ್ಲಿಸ್ತೀರಿ?"

"ಪರಿಶೀಲಿಸ್ತೀನಿ ಮೇಡಂ" ಅಂದೆ.

"ಪರಿಶೀಲಿಸೋದೇನಿದೆ? ತೆರಿಗೆ ಒಂದು ರೂಪಾಯಿ ಅರ್ಧ ಪೈಸೆ. ಆ ಅರ್ಧ ಪೈಸೆ ಏನು ಮಾಡಬೇಕು ಅಂತ ನೀವು ನೀವೇ ಮಾತಾಡಿಕೊಂಡು ಹೇಳಿ. ಅಲ್ಲಿವರೆಗೆ ಒಗ್ಗರಣೆಗೆ ಸಾಸಿವೆ ಒಂದೇ ಹಾಕ್ತೀನಿ."

ಮೂರು ದಿನಗಳ ನಂತರ ನಾವು ಕಂಡುಹಿಡಿದದ್ದನ್ನು ಮೇಡಂ ಬಾಯಿಲೆಕ್ಕದಲ್ಲಿ ಆಗಲೇ ಹೇಳಿಬಿಟ್ಟಿದ್ದರು. ಆದರೆ ಕಂಪ್ಯೂಟರಿನವರು ಗಣಿತದವರ ಮಾತು ಕೇಳುವುದಿಲ್ಲ.

ಹುಬ್ಬಳ್ಳಿಯವನ ಮೇಜಿಗೆ ಹೋದೆ. "ನಂದು ಬರೋಬ್ಬರಿ ಐತ್ರಿ ಸರ" ಎಂದು ಅವನು ನಾನು ಬಾಯಿ ತೆಗೆಯುವ ಮೊದಲೇ ಹೇಳಿದ. "ನಿಮ್ಮ ಸರ್ವರ್ರ ಏನೋ ಗಡಿಬಿಡಿ ಮಾಡಾಕತ್ತೈತಿ." ನಾನು ನನ್ನ ಸರ್ವರಿನ ಪರವಾಗಿ ಮಾತನಾಡಿದೆ. ಇಬ್ಬರೂ ಅವರವರ ತೆರೆ ತಿರುಗಿಸಿ ಲೆಕ್ಕ ತೋರಿಸಿದೆವು.

ಅವನು ಬರೆದಿದ್ದು: 20.10ನ್ನು 0.05ರಿಂದ ಗುಣಿಸು. ಉತ್ತರ 1.0050000000000001. ಕೊನೆಯಲ್ಲಿ ಆ ಒಂದು ಎಲ್ಲಿಂದ ಬಂತೋ, ಅದು ಬಂದದ್ದರಿಂದ ಅರ್ಧ ದಾಟಿತು. ಪೈಸೆಗೆ ಸರಿಮಾಡಿದರೆ 1.01.

ನಾನು ಬರೆದಿದ್ದು: 20.10ನ್ನು 5ರಿಂದ ಗುಣಿಸು, 100ರಿಂದ ಭಾಗಿಸು. ಉತ್ತರ ಚೊಕ್ಕವಾಗಿ 1.005. ನೋಡಿ, ಎಷ್ಟು ಸ್ವಚ್ಛ ಎಂದು ಬೀಗಿದೆ. ಆದರೆ ಅದನ್ನು ಪೈಸೆಗೆ ಸರಿಮಾಡು ಎಂದರೆ ನನ್ನ ಕಂಪ್ಯೂಟರು 1.01 ಕೊಡುವ ಬದಲು 1.00 ಕೊಟ್ಟಿತು. ಯಾಕೆಂದರೆ ಒಳಗೆ ಅದು ಇಟ್ಟುಕೊಂಡಿದ್ದು 1.005 ಅಲ್ಲವೇ ಅಲ್ಲ, 1.00499999999999989 ಚಿಲ್ಲರೆ. ಹೊರಗೆ ತೋರಿಸುವಾಗ ಮರ್ಯಾದೆಗೆ 1.005 ಎನ್ನುತ್ತದೆ.

ಒಂದೇ ಜೀರಿಗೆ, ಒಂದೇ ತೆರಿಗೆ, ಒಂದೇ ಗುಣಾಕಾರ. ಮೊದಲು ಯಾವುದನ್ನು ಮಾಡಿದೆ ಎಂಬುದರ ಮೇಲೆ ಒಂದು ಪೈಸೆ ಆ ಕಡೆ, ಈ ಕಡೆ. ನಮ್ಮ ಶಾಲೆಯಲ್ಲಿ ಹೇಗೆ ಗುಣಿಸಿದರೂ ಉತ್ತರ ಒಂದೇ ಎಂದು ಹೇಳಿಕೊಟ್ಟಿದ್ದರು. ಕಂಪ್ಯೂಟರಿಗೆ ಆ ಪಾಠ ಆಗಿಲ್ಲ. ಅದರ ಹತ್ತಿರ 0.1ಕ್ಕೆ 0.2 ಕೂಡಿಸಿ, ಆಮೇಲೆ 0.3 ಕೂಡಿಸು ಎಂದರೆ 0.6000000000000001 ಅನ್ನುತ್ತದೆ. 0.2ಕ್ಕೂ 0.3ಕ್ಕೂ ಮೊದಲು ಮದುವೆ ಮಾಡಿ, ಆಮೇಲೆ 0.1ನ್ನು ಸೇರಿಸಿದರೆ ಚೊಕ್ಕ 0.6. ಮನೆಯಲ್ಲಿ ಯಾರನ್ನು ಮೊದಲು ಮಾತಾಡಿಸಿದೆ ಎಂಬುದರ ಮೇಲೆ ಊಟದ ರುಚಿ ಬದಲಾಗುವುದಿಲ್ಲವೇ, ಹಾಗೆ.

ಯಾಕೆ ಹೀಗೆ? ಇದನ್ನು ನಾನು ಕಾಲೇಜಿನಲ್ಲಿ ಓದಿ, ಬರೆದು, ಪಾಸಾಗಿದ್ದೆ. ಅರ್ಥವಾದದ್ದು ಮಾತ್ರ ಆ ರಾತ್ರಿ, ಅಜ್ಜನ ಅಂಗಡಿ ನೆನಪಾದಾಗ.

ಅಜ್ಜನ ಲೋಕವೆಲ್ಲ ಅರ್ಧ ಅರ್ಧವಾಗಿ ಒಡೆದದ್ದು. ಒಂದು ಸೇರು, ಅದರ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು, ಅದರ ಅರ್ಧ ಚಟಾಕು. ರೂಪಾಯಿಯ ಅರ್ಧ ಎಂಟಾಣೆ, ಅದರ ಅರ್ಧ ನಾಲ್ಕಾಣೆ, ಅದರ ಅರ್ಧ ಎರಡಾಣೆ, ಆಮೇಲೆ ಒಂದಾಣೆ. ಹದಿನಾರರಲ್ಲಿ ಒಂದು ಪಾಲಿಗೆ ವೀಸ ಎಂಬ ಹೆಸರೇ ಇತ್ತು. ಅದರ ಅರ್ಧ ಅರೆವೀಸ. ಶಾಲೆಯಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೇ ಕಲಿತು ಬಂದ ತಲೆಮಾರು ಅದು. ತಕ್ಕಡಿಯ ಗುಣವೇ ಹಾಗೆ: ಕಲ್ಲು ಇಲ್ಲದಿದ್ದರೂ ಎರಡು ತಟ್ಟೆಗೆ ಸರಿಸಮ ಹಂಚಿದರೆ ಅರ್ಧವಾಯಿತು. ಆ ಅರ್ಧವನ್ನು ಮತ್ತೆ ಹಂಚಿದರೆ ಕಾಲು. ಹತ್ತು ಪಾಲು ಮಾಡು ಎಂದರೆ ಮಾತ್ರ ತಕ್ಕಡಿ ಕಕ್ಕಾಬಿಕ್ಕಿ.

ಕಂಪ್ಯೂಟರ್ ಕೂಡ ಅಂಥದೇ ಒಂದು ತಕ್ಕಡಿ. ಅದಕ್ಕೆ ಗೊತ್ತಿರುವುದು ಎರಡು ಮಾತ್ರ: ಇದೆ, ಇಲ್ಲ. ಅರ್ಧ ಇದೆಯೇ? ಕಾಲು ಇದೆಯೇ? ಅರೆಕಾಲು? ವೀಸ? ಅರೆವೀಸ? ಹೀಗೆ ಇಳಿಯುತ್ತ ಹೋಗುತ್ತದೆ. ಅಜ್ಜನ ಎಂಟಾಣೆ, ನಾಲ್ಕಾಣೆ, ಒಂದಾಣೆ ಅದಕ್ಕೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಹಿಡಿಯುತ್ತವೆ. ಕಾಲಾಣೆ, ಅಂದರೆ ನಮ್ಮ ಕಡೆ ಮೂರು ಕಾಸು ಅನ್ನುತ್ತಿದ್ದುದು, ರೂಪಾಯಿಯಲ್ಲಿ ಅರವತ್ತನಾಲ್ಕರ ಒಂದು ಪಾಲು, ಅದೂ ಹಿಡಿಯುತ್ತದೆ. ಬಿಡಿಯಾಗಿ ಒಂದು ಕಾಸು ಹಿಡಿಯುವುದಿಲ್ಲ, ಯಾಕೆಂದರೆ ಅಲ್ಲಿ ಮೂರರ ಭಾಗ ಬಂತು. ಮೂರು ಕಾಸಿನ ಬೆಲೆ ಇಲ್ಲದವನು ಎಂದು ಬೈಯುವವರು ಗಮನಿಸಬೇಕು: ಕಂಪ್ಯೂಟರಿನ ಲೋಕದಲ್ಲಿ ಬೆಲೆ ಇರುವುದು ಮೂರು ಕಾಸಿಗೇ.

ಇಂಥ ಯಂತ್ರದ ಮುಂದೆ ನಿಂತು ಹತ್ತು ಪೈಸೆ, ಅಂದರೆ ರೂಪಾಯಿಯ ಹತ್ತರಲ್ಲಿ ಒಂದು ಪಾಲು ಕೊಡು ಎಂದರೆ ಏನು ಮಾಡುತ್ತದೆ ಗೊತ್ತೇ? ಮೊದಲು ಒಂದೂವರೆ ಆಣೆ ಎಣಿಸಿಡುತ್ತದೆ. ಸಾಲದು. ಆ ಒಂದೂವರೆ ಆಣೆಯ ಒಂದು ವೀಸ ಪಾಲನ್ನು ಮೇಲೆ ಇಡುತ್ತದೆ. ಇನ್ನೂ ಸಾಲದು. ವೀಸದಲ್ಲಿ ವೀಸ ಇಡುತ್ತದೆ. ಆಮೇಲೆ ಅದರಲ್ಲೂ ವೀಸ. ಇದು ಮುಗಿಯುವುದೇ ಇಲ್ಲ. ಮೂರರಲ್ಲೊಂದನ್ನು ದಶಮಾಂಶದಲ್ಲಿ ಬರೆಯಹೋಗಿ ನಾವು 0.333 ಎಂದು ಪುಟ ತುಂಬಿಸಿದ ಹಾಗೆ. ಆದರೆ ಕಂಪ್ಯೂಟರಿನ ಪುಟದಲ್ಲಿ ಒಂದು ಸಂಖ್ಯೆಗೆ ಇರುವುದು 64 ಮನೆ. ಒಂದು ಮನೆ ಧನವೋ ಋಣವೋ ಎಂಬುದಕ್ಕೆ, 11 ಮನೆ ದಶಮಾಂಶದ ಚುಕ್ಕೆಯಂಥ ಬಿಂದುವನ್ನು ಎಲ್ಲಿ ತೇಲಿಸಬೇಕು ಎಂಬುದಕ್ಕೆ, ಉಳಿದ 52 ಅಂಕಿಗೆ. ಅದಕ್ಕೇ ಇದರ ಹೆಸರು ಫ್ಲೋಟಿಂಗ್ ಪಾಯಿಂಟ್, ತೇಲುವ ಬಿಂದು. ಮನೆ ಮುಗಿದಾಗ ಯಂತ್ರ ಕೊನೆಯ ಚೂರನ್ನು ಅಂದಾಜಿಗೆ ಸರಿಮಾಡಿ ಕೈ ತೊಳೆದುಕೊಳ್ಳುತ್ತದೆ. ಹಾಗೆ ಸರಿಮಾಡಿದ 0.1 ನಿಜಕ್ಕೂ 0.1000000000000000055.

ಆ ಬಾಲವನ್ನು ತೆರೆಯ ಮೇಲೆ ನೋಡಿದಾಗ ನಾನು ರಾತ್ರಿ ಹನ್ನೊಂದಕ್ಕೆ ಒಬ್ಬನೇ ನಕ್ಕುಬಿಟ್ಟೆ. ಅದು ಕೊಸರು! ಹತ್ತು ಪೈಸೆ ಕೇಳಿದರೆ ತಟ್ಟೆ ವಾಲುವಷ್ಟು ಒಂದು ಚೂರು ಹೆಚ್ಚಿಗೆ. 20.10ರಲ್ಲೂ ಅಂಥದೊಂದು ಕೊಸರಿದೆ, 0.05ರಲ್ಲೂ ಇದೆ. ಹುಬ್ಬಳ್ಳಿಯವನು ಎರಡು ಕೊಸರುಗಳನ್ನು ಗುಣಿಸಿ ಒಂದು ಪೈಸೆ ದಾಟಿಸಿದ್ದ. ನಾನು ಐದರಿಂದ ಗುಣಿಸುವಾಗ ನನ್ನ ಕೊಸರು ಉದುರಿಹೋಗಿ, ನೂರರಿಂದ ಭಾಗಿಸುವಾಗ ತೂಕದಲ್ಲಿ ಕೂದಲಷ್ಟು ಕಡಿಮೆ ಬಿದ್ದಿತ್ತು. ನೂರು ಕೋಟಿ ಕೋಟಿಯಲ್ಲಿ ಒಂದು ಪಾಲಿನಷ್ಟು ಕಡಿಮೆ. ಅಷ್ಟಕ್ಕೇ ತುಮಕೂರಿನಲ್ಲಿ ಒಗ್ಗರಣೆ ನಿಂತಿತ್ತು.

ಅಂದರೆ ತಪ್ಪು ಯಂತ್ರದ್ದಲ್ಲ. ಅದು ಆಣೆಯ ಕಾಲದ್ದು; ನಾವು ಪೈಸೆಯ ಕಾಲದವರು. 1957ರ ಏಪ್ರಿಲ್ 1ರಂದು ಸರ್ಕಾರ ರೂಪಾಯಿಗೆ ಹದಿನಾರಾಣೆಯನ್ನು ಬಿಟ್ಟು ನೂರು ನಯಾ ಪೈಸೆ ಎಂದಾಗಲೇ ಈ ಜಗಳದ ಬೀಜ ಬಿದ್ದಿತ್ತು. ಆ ದಿನದ ಕಥೆಯನ್ನು ಅಜ್ಜ ಎಷ್ಟೋ ಸಲ ಹೇಳಿದ್ದರು. ಮೂರ್ಖರ ದಿನವೇ ಲೆಕ್ಕ ಬದಲಾಯಿಸಿದ್ದರಿಂದ ಊರಲ್ಲಿ ಅರ್ಧ ಜನ ನಂಬಲಿಲ್ಲವಂತೆ. ನಂಬಿದ ಮೇಲೆ ಶುರುವಾಯಿತು ಪೇಚಾಟ. ನಾಲ್ಕಾಣೆಗೆ 25 ನಯಾ ಪೈಸೆ, ಅದು ಸರಿ. ಒಂದಾಣೆಗೆ? ಆರೂಕಾಲು. ಕಾಲು ಪೈಸೆಯ ನಾಣ್ಯವಿಲ್ಲ. ಸರ್ಕಾರದ ಪಟ್ಟಿಯ ಪ್ರಕಾರ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19.

ಊರಿನ ಶಾಲೆಯ ಮೇಷ್ಟರೊಬ್ಬರು ಈ ಪಟ್ಟಿಯನ್ನು ನೋಡಿದವರೇ ಒಂದು ಆವಿಷ್ಕಾರ ಮಾಡಿದರು. ನಾಲ್ಕಾಣೆಯ ಸಾಮಾನನ್ನು ಒಟ್ಟಿಗೆ ಕೊಂಡರೆ 25 ಪೈಸೆ. ಅದನ್ನೇ ಒಂದೊಂದಾಣೆಯಂತೆ ನಾಲ್ಕು ಸಲ ಕೊಂಡರೆ ನಾಲ್ಕು ಆರಲೆ ಇಪ್ಪತ್ತನಾಲ್ಕು. ಮೇಷ್ಟರು ಒಂದಾಣೆಯ ನಶ್ಯ ಕೊಂಡು, ಜಗಲಿ ಇಳಿದು, ಹತ್ತು ಹೆಜ್ಜೆ ನಡೆದು, ತಿರುಗಿ ಬಂದು ಒಂದಾಣೆಯ ಕಡಲೆ ಕೊಳ್ಳುತ್ತಿದ್ದರಂತೆ. ಮತ್ತೆ ಇಳಿದು, ಮತ್ತೆ ಹತ್ತಿ. ನಾಲ್ಕನೆಯ ಸಲ ಹತ್ತುವಾಗ ಅವರಿಗೆ ಉಬ್ಬಸ.

"ಅವರ ಜೊತೆ ಜಗಳ ಆಡ್ಲಿಲ್ವಾ ಅಜ್ಜ?"

"ಯಾತಕ್ಕೆ? ಅವರು ಹತ್ತಿ ಇಳಿದ ಕೂಲಿಗೆ ಒಂದು ಪೈಸೆ ಕಡಿಮೇನೇ ಆಯ್ತು. ಕೂತ್ಕೊಳ್ಳಿ ಮೇಷ್ಟ್ರೇ, ನಾಲ್ಕು ಸಲ ಅಂತಾನೇ ಬರ್ಕೋತೀನಿ ಅಂದೆ."

ಸಾಲು ಸಾಲಿಗೆ ಸರಿಮಾಡಿ ಆಮೇಲೆ ಕೂಡಿಸುವುದು ಬೇರೆ, ಕೂಡಿಸಿ ಆಮೇಲೆ ಸರಿಮಾಡುವುದು ಬೇರೆ ಎಂಬ ಸತ್ಯವನ್ನು ನಮ್ಮ ಕಂಪನಿ ಮೂರು ಸಭೆ ನಡೆಸಿ ಕಂಡುಕೊಂಡಿತು. ಮೇಷ್ಟರು ನಶ್ಯ ಸೇದುತ್ತ ಕಂಡುಕೊಂಡಿದ್ದರು.

ಈ ತೇಲುವ ಬಿಂದುವಿಗೂ ಒಂದು ಶಾಸನವಿದೆ. ಮೊದಲು ಒಂದೊಂದು ಕಂಪನಿಯ ಯಂತ್ರ ಒಂದೊಂದು ಬಗೆಯಲ್ಲಿ ಸರಿಮಾಡುತ್ತಿತ್ತು. ಹಳೆಯ ಕಾಲದಲ್ಲಿ ಊರಿಗೊಂದು ಸೇರು ಇದ್ದ ಹಾಗೆ. ಬರ್ಕ್‌ಲಿಯ ಪ್ರಾಧ್ಯಾಪಕ ವಿಲಿಯಂ ಕಹಾನ್ ಮುಂದೆ ನಿಂತು ಎಲ್ಲರನ್ನೂ ಒಂದು ಅಳತೆಗೆ ತಂದರು. 1985ರಲ್ಲಿ ಐಇಇಇ 754 ಎಂಬ ಮಾನಕ ಬಂತು, 1989ರಲ್ಲಿ ಕಹಾನರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಬ್ರೌಸರೂ ಸರ್ವರೂ ಇಂದು ಆ ಒಂದೇ ಸೇರಿನಲ್ಲಿ ಅಳೆಯುತ್ತವೆ. ಸೇರು ಒಂದೇ ಆದರೂ ಅಳೆಯುವ ಕೈ ಬೇರೆ. ಒಬ್ಬರು ತಲೆ ಸವರಿ ಅಳೆಯುತ್ತಾರೆ, ಒಬ್ಬರು ಗೋಪುರ ಕಟ್ಟಿ ಅಳೆಯುತ್ತಾರೆ.

ಜಾವಾಸ್ಕ್ರಿಪ್ಟ್ ಭಾಷೆಯ ಕಥೆ ಇನ್ನೂ ಸೊಗಸು. 1995ರಲ್ಲಿ ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಕಟ್ಟಿದರು. ನಮ್ಮ ಕಡೆ ಹತ್ತು ದಿನದಲ್ಲಿ ಮದುವೆಯ ಚಪ್ಪರವೂ ಸರಿಯಾಗಿ ಏಳುವುದಿಲ್ಲ. ಆ ಅವಸರದಲ್ಲಿ ಪೂರ್ಣಾಂಕ ಬೇರೆ, ಭಿನ್ನರಾಶಿ ಬೇರೆ ಎನ್ನದೆ ಎಲ್ಲ ಸಂಖ್ಯೆಯನ್ನೂ ತೇಲಲು ಬಿಟ್ಟರು. ಇದರ ಬಿಸಿಯೂ ನಮಗೆ ತಟ್ಟಿತ್ತು. ನನ್ನ ಸರ್ವರ್ ಒಮ್ಮೆ ಬಹಳ ಉದ್ದದ ಆರ್ಡರ್ ಸಂಖ್ಯೆಗಳನ್ನು ಕೊಡಲು ಶುರುಮಾಡಿದಾಗ, 3ರಲ್ಲಿ ಮುಗಿಯುವ ಸಂಖ್ಯೆ ಬ್ರೌಸರಿನಲ್ಲಿ 2ರಲ್ಲಿ ಮುಗಿಯುವ ಸಂಖ್ಯೆಯಾಗಿ ಕಾಣತೊಡಗಿತು. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಗಳಲ್ಲಿ 9007199254740991ರವರೆಗೆ ಮಾತ್ರ ಪೂರ್ಣಾಂಕಗಳನ್ನು ತಪ್ಪದೆ ಎಣಿಸಲು ಬರುತ್ತದೆ. ಅಲ್ಲಿಂದಾಚೆ ಬೆಸಸಂಖ್ಯೆಗಳು ಮಾಯ. ಮೈಸೂರಿಗೆ ಹೋಗಬೇಕಾದ ತೊಗರಿಬೇಳೆಯ ಸ್ಥಿತಿಗತಿ ಕೇಳಿದವರಿಗೆ ಬಳ್ಳಾರಿಯ ಯಾರದೋ ಸೋಪಿನ ಪುಡಿಯ ವಿಷಯ ತಿಳಿಯಿತು. ಕೊನೆಗೆ ಆರ್ಡರ್ ಸಂಖ್ಯೆಯನ್ನು ಸಂಖ್ಯೆ ಎನ್ನದೆ ಅಕ್ಷರಗಳ ಸಾಲು ಎಂದು ಕಳಿಸಿದೆವು.

ಪೈಸೆಯ ಜಗಳ ಎಂದು ನಗಬಹುದು. ಆದರೆ ಚೂರು ಚೂರು ಸೇರಿ ಎಲ್ಲಿಗೆ ಮುಟ್ಟುತ್ತದೆ ನೋಡಿ. ಕೆನಡಾದ ವ್ಯಾಂಕೂವರ್ ಷೇರುಪೇಟೆಯವರು 1982ರ ಜನವರಿಯಲ್ಲಿ 1000ದಿಂದ ಒಂದು ಸೂಚ್ಯಂಕ ಶುರುಮಾಡಿದರು. ಪ್ರತಿ ವ್ಯವಹಾರದ ನಂತರ ಮೂರು ದಶಮಾಂಶದಾಚೆಯದನ್ನು ಸರಿಮಾಡುವ ಬದಲು ಕತ್ತರಿಸಿ ಎಸೆಯುತ್ತಿದ್ದರು. ಪೇಟೆ ಚೆನ್ನಾಗಿದ್ದರೂ ಸೂಚ್ಯಂಕ ಸವೆಯುತ್ತ ಸವೆಯುತ್ತ 1983ರ ನವೆಂಬರಿಗೆ 524.811ಕ್ಕೆ ಇಳಿಯಿತು. ಲೆಕ್ಕ ತಿದ್ದಿದಾಗ ಅದು 1098.892. ಅರ್ಧಕ್ಕರ್ಧ ಪೇಟೆ ಕತ್ತರಿಯ ಬಾಯಿಗೆ ಹೋಗಿತ್ತು. ಇನ್ನೊಂದರಲ್ಲಿ ನಗುವುದಕ್ಕೆ ಏನೂ ಇಲ್ಲ. 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯದ ದಹ್ರಾನಿನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. ಅದರ ಗಡಿಯಾರ ಸೆಕೆಂಡಿನ ಹತ್ತರಲ್ಲೊಂದು ಭಾಗವನ್ನು ಎಣಿಸುತ್ತಿತ್ತು. ಆ ಹತ್ತರಲ್ಲೊಂದನ್ನು 24 ಮನೆಗಳಲ್ಲಿ ಕತ್ತರಿಸಿ ಇಟ್ಟಿದ್ದರು. ನೂರು ಗಂಟೆ ಓಡುವಷ್ಟರಲ್ಲಿ ವ್ಯತ್ಯಾಸ ಸೆಕೆಂಡಿನ ಮೂರನೆಯ ಒಂದು ಭಾಗ. 28 ಸೈನಿಕರು ಸತ್ತರು. ಆ 0.1ನ್ನು ಈಗ ಎಲ್ಲಿ ನೋಡಿದರೂ ನನಗೆ ಒಂದು ಕ್ಷಣ ಕೈ ನಿಲ್ಲುತ್ತದೆ.

ಜೀರಿಗೆಗೆ ಬರೋಣ. ಹುಬ್ಬಳ್ಳಿಯವನೂ ನಾನೂ ಒಪ್ಪಂದಕ್ಕೆ ಬಂದೆವು: ರೂಪಾಯಿಯ ಲೆಕ್ಕ ಬೇಡ, ಎಲ್ಲವನ್ನೂ ಪೈಸೆಯಲ್ಲೇ ಪೂರ್ಣಾಂಕವಾಗಿ ಇಟ್ಟುಕೊಳ್ಳೋಣ. ಜೀರಿಗೆ 2010 ಪೈಸೆ. ನೂರಕ್ಕೆ ಐದರಂತೆ ತೆರಿಗೆ ನೂರೂವರೆ ಪೈಸೆ. ಅರ್ಧ ಎಂಬುದು ಯಂತ್ರಕ್ಕೆ ಚೆನ್ನಾಗಿ ಹಿಡಿಯುವ ಅಳತೆ. ಇಲ್ಲಿ ಕೊಸರಿಲ್ಲ, ಕೊರತೆಯಿಲ್ಲ. ಈಗ ಇಬ್ಬರೂ ಒಂದೇ ಬಗೆಯಲ್ಲಿ ಪೈಸೆಗೆ ಸರಿಮಾಡಿಬಿಟ್ಟರೆ ಆಯಿತು. ಗುಂಡಿ ಒತ್ತಿದೆವು.

ಅವನ ಬ್ರೌಸರ್: 101. ನನ್ನ ಸರ್ವರ್: 100. ಮೊತ್ತ ಹೊಂದುತ್ತಿಲ್ಲ.

ಹುಬ್ಬಳ್ಳಿಯವನು ಕುರ್ಚಿಗೆ ಒರಗಿ, "ಸರ, ಇದು ಮಾಟ ಐತ್ರಿ" ಅಂದ.

ಮಾಟವಲ್ಲ, ಧರ್ಮಸೂಕ್ಷ್ಮ. ಸರಿಯಾಗಿ ಅರ್ಧ ಬಂದಾಗ ಜಾವಾಸ್ಕ್ರಿಪ್ಟ್ ಮೇಲಕ್ಕೆ ಏರಿಸುತ್ತದೆ, ನಾವು ಶಾಲೆಯಲ್ಲಿ ಕಲಿತ ಹಾಗೆ. ಪೈಥಾನಿನ ಮೂರನೆಯ ಆವೃತ್ತಿ ಹಾಗಲ್ಲ, ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 100.5 ಬಂದರೆ 100, 101.5 ಬಂದರೆ 102. ಅರ್ಧ ಬಂದಾಗಲೆಲ್ಲ ಏರಿಸುತ್ತ ಹೋದರೆ ಸಾವಿರ ಬಿಲ್ಲಿನಲ್ಲಿ ಅಂಗಡಿಯವನ ಗಲ್ಲಾ ಸುಮ್ಮನೆ ತುಂಬುತ್ತದೆ. ಅದಕ್ಕೆ ಒಮ್ಮೆ ನಿನಗೆ, ಒಮ್ಮೆ ನನಗೆ. ಬ್ಯಾಂಕಿನವರ ಹೆಸರಲ್ಲಿ ಕರೆಯುವ ಪದ್ಧತಿ ಇದು. ಎರಡೂ ನ್ಯಾಯವೇ. ಎರಡು ನ್ಯಾಯಗಳ ಮಧ್ಯೆ ಮೇಡಂ ಇನ್ನೂ ಬೆಂಚಿನ ಮೇಲೆ.

ಮೂರನೆಯ ದಿನ ಆಡಿಟರನ್ನು ಕರೆಸಿದರು. ಅವರು ಕನ್ನಡಕ ಹಣೆಗೇರಿಸಿ ನಮ್ಮ ಬಿಳಿ ಹಲಗೆಯನ್ನು, ಅದರ ಮೇಲಿನ ಹದಿನೇಳು ಅಂಕಿಗಳ ಸಾಲುಗಳನ್ನು, ಸಂತಾಪಕ್ಕೆ ಬಂದವರ ಹಾಗೆ ನೋಡಿದರು.

"ಕರ್ನಾಟಕದೊಳಗೆ ಮಾರಿದ್ದಕ್ಕೆ ನೂರಕ್ಕೆ ಐದು ಅಂತ ಒಂದು ತೆರಿಗೆ ಎಲ್ಲಿದೆ ಸ್ವಾಮಿ? ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ. ಅರ್ಧ ಅರ್ಧ ಮಾಡಿ, ಬೇರೆ ಬೇರೆ ಲೆಕ್ಕ ಹಾಕಿ."

ಅರ್ಧ ಮಾಡಿದೆವು. ಒಂದೊಂದಕ್ಕೂ ಐವತ್ತೂಕಾಲು ಪೈಸೆ. ಕಾಲು ಪೈಸೆಯ ಬಗ್ಗೆ ಯಾವ ಯಂತ್ರಕ್ಕೂ ಭಿನ್ನಾಭಿಪ್ರಾಯವಿಲ್ಲ, ಅದು ಕೆಳಗೇ ಇಳಿಯಬೇಕು. ಐವತ್ತು, ಐವತ್ತು. ತೆರಿಗೆ ಸರಿಯಾಗಿ ಒಂದು ರೂಪಾಯಿ. ನಾವು ಮೂರು ದಿನ ಕಿತ್ತಾಡಿದ ಆ ಅರ್ಧ ಪೈಸೆ ಇರಲೇ ಇಲ್ಲ.

"ಹಂಗಂದ್ರ ನೀವು ಗೆದ್ರಿ ಬಿಡ್ರಿ ಸರ. ನಿಮ್ಮ ಸರ್ವರ್ ಒಂದು ರೂಪಾಯಿ ಅಂದಿತ್ತು."

"ಗೆಲ್ಲಲಿಲ್ಲ ಕಣಪ್ಪ. ತಪ್ಪು ಬಸ್ಸು ಹತ್ತಿ ಸರಿಯಾದ ಊರಲ್ಲಿ ಇಳಿದೆ, ಅಷ್ಟೆ."

ಆಡಿಟರು ಹೊರಡುತ್ತ ಬಾಗಿಲಲ್ಲಿ ನಿಂತು ಹೇಳಿದರು: "ಹೆಂಗೂ ಬಿಲ್ಲಿನ ಕೊನೇಲಿ ರೂಪಾಯಿಗೆ ಸರಿಮಾಡ್ತೀರಿ. 21.10 ಆದ್ರೂ 21, 21.11 ಆದ್ರೂ 21. ಒಂದು ಪೈಸೆ ನಾಣ್ಯ ನೋಡಿ ಎಷ್ಟು ಕಾಲ ಆಯ್ತು?" ನಿಜ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ 30ಕ್ಕೇ ಚಲಾವಣೆಯಿಂದ ಹೋಗಿವೆ. ಕೊಡಲೂ ಆಗದ, ತೆಗೆದುಕೊಳ್ಳಲೂ ಆಗದ, ಭಿಕ್ಷುಕನೂ ಮುಟ್ಟದ ಒಂದು ಪೈಸೆಗಾಗಿ ಎರಡು ಕಂಪ್ಯೂಟರುಗಳು ತುಮಕೂರಿನ ಹೆಂಗಸೊಬ್ಬರಿಗೆ ಜೀರಿಗೆ ನಿರಾಕರಿಸಿದ್ದವು.

ಆ ವಾರ ಊರಿಗೆ ಹೋಗಿದ್ದೆ. ಅಜ್ಜ ಹೋಗಿ ಆಗಲೇ ಬಹಳ ವರ್ಷ. ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿಯವನಿದ್ದಾನೆ. ಅಟ್ಟದ ಟ್ರಂಕಿನಲ್ಲಿ ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕಗಳು ಮಾತ್ರ ಹಾಗೇ ಇದ್ದವು. ಜಿರಲೆ ತಿಂದು ಉಳಿಸಿದ್ದು. ತಿರುವಿ ಹಾಕಿದೆ. ಆಗ ನೆನಪಾಯಿತು, ಅಲ್ಲಿಯೂ ಎರಡು ಲೆಕ್ಕ ಇರುತ್ತಿದ್ದವು. ಸಾಲದ ಗಿರಾಕಿಗಳ ಕೈಯಲ್ಲಿ ಒಂದು ಚಿಕ್ಕ ಪುಸ್ತಕ. ಎಣ್ಣೆಯ ಕಲೆ, ಮಕ್ಕಳ ಗೀಚು ಎಲ್ಲ ಅದರಲ್ಲಿ. ಅಂಗಡಿಯಲ್ಲಿ ಈ ದೊಡ್ಡದು. ಸಾಮಾನು ಕೊಟ್ಟಾಗ ಅಜ್ಜ ಎರಡರಲ್ಲೂ ಬರೆಯುತ್ತಿದ್ದರು. ತಿಂಗಳ ಕೊನೆಗೆ ಗಿರಾಕಿ ಬಂದು ಜಗಲಿಯ ಮೇಲೆ ಕೂತು ತನ್ನದನ್ನು ಗಟ್ಟಿಯಾಗಿ ಓದಬೇಕು, ಅಜ್ಜ ತಮ್ಮದರಲ್ಲಿ ಗೀಟು ಹಾಕುತ್ತ ಹೋಗಬೇಕು. ಎಷ್ಟೋ ಸಲ ಹೊಂದುತ್ತಿರಲಿಲ್ಲ. ಅವರ ಪುಸ್ತಕದಲ್ಲಿ ಆರು ಪೈಸೆ, ಇವರದರಲ್ಲಿ ಏಳು. ಅಜ್ಜ ತಮ್ಮ ಪುಸ್ತಕವನ್ನು ತಿದ್ದುತ್ತಿರಲಿಲ್ಲ. ಅಂಗಡಿಯ ಲೆಕ್ಕ ಅಂಗಡಿಯದೇ. ಆದರೆ ಎದ್ದು ಹೋಗುವ ಗಿರಾಕಿಯ ಚೀಲಕ್ಕೆ ಒಂದು ಚೂರು ಬೆಲ್ಲ ಬೀಳುತ್ತಿತ್ತು. 'ಮೊತ್ತ ಹೊಂದುತ್ತಿಲ್ಲ' ಎಂದು ಯಾರನ್ನೂ ಜಗಲಿಯಿಂದ ಇಳಿಸಿದ್ದು ನನಗೆ ನೆನಪಿಲ್ಲ.

ಆ ಬೆಲ್ಲದ ಚೂರು ಯಾವ ಪುಟದಲ್ಲಾದರೂ ಖರ್ಚು ಬಿದ್ದಿದೆಯೇ ಎಂದು ಹುಡುಕಿದೆ. ಎಲ್ಲಿಯೂ ಇಲ್ಲ. ಕೊಸರಿಗೆ ಲೆಕ್ಕವಿಲ್ಲ.

ಬೆಂಗಳೂರಿಗೆ ಬಂದವನು ನನ್ನ ಸರ್ವರಿನಲ್ಲಿ ಒಂದು ಸಾಲು ಸೇರಿಸಿದೆ. ಬಿಲ್ಲಿಗೆ ಸರ್ವರಿನ ಲೆಕ್ಕವೇ ಕೊನೆಯ ಮಾತು. ಆದರೆ ಬ್ರೌಸರಿನ ಮೊತ್ತ ಒಂದು ಪೈಸೆಯಷ್ಟು ಆಚೀಚೆ ಇದ್ದರೆ ಗಿರಾಕಿಯನ್ನು ಬಾಗಿಲಲ್ಲಿ ನಿಲ್ಲಿಸಬೇಡ, ಒಳಗೆ ಬಿಡು. ಇಂಥ ಸಹನೆಯ ಅಳತೆಗೆ ನಮ್ಮ ಕಸುಬಿನವರು ಗ್ರೀಕರ ಅಕ್ಷರದ ಹೆಸರಿಟ್ಟು ಎಪ್ಸಿಲಾನ್ ಅನ್ನುತ್ತಾರೆ. ನಾನು 'ಕೊಸರು' ಎಂದು ಬರೆದೆ. ಕೊಸರು ಸಮ ಒಂದು.

ನನ್ನ ಕೋಡನ್ನು ಪರೀಕ್ಷಿಸುವ ಸರದಿ ಲಖನೌ ಕಡೆಯ ಒಬ್ಬ ಹುಡುಗನದಾಗಿತ್ತು. ಬಹಳ ಬುದ್ಧಿವಂತ. ಆ ಸಾಲಿನ ಪಕ್ಕದಲ್ಲಿ ಅವನು ಟಿಪ್ಪಣಿ ಹಾಕಿದ್ದ: ಕೊಸರಾಜು ಅವರ ಅಲ್ಗಾರಿದಂ ಇರುವುದು ಗ್ರಾಫುಗಳಿಗೆ, ಬಿಲ್ಲಿಗಲ್ಲ, ಅಲ್ಲದೆ ನೀವು ಅವರ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟಿದ್ದೀರಿ.

ಹುಬ್ಬಳ್ಳಿಯವನು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ಆಮೇಲೆ ಲಖನೌದವನನ್ನು ಕರೆದುಕೊಂಡು ಕೆಳಗೆ ಹೋದ. ನಮ್ಮ ಕಚೇರಿಯ ಎದುರು ಸಂಜೆ ಹೊತ್ತು ಕಡಲೆಕಾಯಿ ಮಾರುವ ಅಜ್ಜಿಯೊಬ್ಬಳು ಕೂರುತ್ತಿದ್ದಳು. ಹತ್ತು ರೂಪಾಯಿಗೆ ಒಂದು ಪಾವು. ಅವಳು ಅಳೆದು ಪೊಟ್ಟಣಕ್ಕೆ ಸುರಿದು, ಮಡಿಸುವ ಮೊದಲು ಹಿಡಿಯಲ್ಲಿ ನಾಲ್ಕು ಕಾಯಿ ತೆಗೆದು ಮೇಲೆ ಹಾಕಿದಳಂತೆ. "ನೋಡಿದೇನ್? ಅದ ಕೊಸರು" ಎಂದು ಇವನು ತೋರಿಸಿದ. ಅವನು ಅಲ್ಲೇ ನಿಂತು ಕಾಯಿ ಸುಲಿಯುತ್ತ ಫೋನಿನಿಂದಲೇ ನನ್ನ ಸಾಲಿಗೆ ಒಪ್ಪಿಗೆ ಕೊಟ್ಟ.

ತುಮಕೂರಿಗೆ ನಾನೇ ಫೋನು ಮಾಡಿ, "ಮೇಡಂ, ಲೆಕ್ಕ ಸರಿಹೋಗಿದೆ" ಎಂದೆ.

"ಅರ್ಧ ಪೈಸೆ ಏನು ಮಾಡಿದ್ರಿ?"

"ಬಿಟ್ಟುಬಿಟ್ವಿ ಮೇಡಂ."

"ಅಷ್ಟಕ್ಕೆ ಮೂರು ದಿನ!" ಎಂದರು. ಆದರೆ ಜೀರಿಗೆ ಎರಡು ಪೊಟ್ಟಣ ತರಿಸಿದರು.